ಮೋಟರ್ ಮನೆಗೆ ತೆಪ್ಪದಲ್ಲಿ ಹೋದದ್ದು

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರೆದು ಅಭ್ಯಾಸ ಇರುವವನಲ್ಲ. ಮೀಸೆ ಬಂದ ಮೇಲೆ ಅಕ್ಷರ ಕಲಿತವನು. ನನ್ನ ಮಗಳು ಒಂದನೇ ತರಗತಿಗೆ ಸೇರಿದ ವರ್ಷ ನಾನು ಹತ್ತನೇ ತರಗತಿ ಪಾಸು ಮಾಡಿದೆ. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಬರೆಯುತ್ತಿದ್ದೇನೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ನಿಮ್ಮ ಮನೆಯ ಹುಡುಗ ತಪ್ಪು ಮಾಡಿದ ಅಂದುಕೊಂಡು ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕೊರಟಗೆರೆ ತಾಲ್ಲೂಕಿನ ಒಂದು ಊರಿನಲ್ಲಿ ನೀರುಗಂಟಿ. ಪಂಚಾಯಿತಿಯ ಬೋರ್‌ವೆಲ್ ಮೋಟರ್ ಹಾಕುವುದು, ಓವರ್‌ಹೆಡ್ ಟ್ಯಾಂಕ್ ತುಂಬಿಸುವುದು, ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು, ಪೈಪ್ ಒಡೆದರೆ ಅಗೆದು ಸರಿ ಮಾಡುವುದು ನನ್ನ ಕೆಲಸ. ಇಷ್ಟಾದರೂ ನನಗೆ ನೀರು ಕಂಡರೆ ಭಯ. ಪೈಪಿನಲ್ಲಿ ಬರುವ ನೀರಲ್ಲ, ನಿಂತ ನೀರು. ಮೊಣಕಾಲಿಗಿಂತ ಮೇಲೆ ಬಂತು ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಅದಕ್ಕೆ ಕಾರಣ ಇತ್ತು. ನಾನು ಸಣ್ಣವನಿದ್ದಾಗ ಶಿರಾ ಕಡೆಯಿಂದ ಕಣಿ ಹೇಳುವ ಹೆಂಗಸೊಬ್ಬಳು ಊರಿಗೆ ಬಂದಿದ್ದಳಂತೆ. ನನ್ನ ಕೈ ನೋಡಿ, ಈ ಮಗನಿಗೆ ನೀರಿನ ಗಂಡಾಂತರ ಇದೆ, ಕೆರೆ ಬಾವಿ ಹತ್ತಿರ ಬಿಡಬೇಡ, ಬಿಟ್ಟರೆ ನೀರೇ ಇವನನ್ನು ತೆಗೆದುಕೊಂಡು ಹೋಗುತ್ತದೆ ಅಂದಳಂತೆ. ಅವ್ವ ಇದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನನ್ನ ಜೊತೆಯ ಹುಡುಗರು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದರೆ, ನಾನು ದೂರದ ಹುಣಸೆ ಮರದ ಕೆಳಗೆ ಕುಳಿತು ಅವರ ಬಟ್ಟೆ ಕಾಯುತ್ತಿದ್ದೆ. ದೊಡ್ಡವರು ಯಾರಾದರೂ ನನ್ನನ್ನು ಬಾವಿ ಹತ್ತಿರ ಕಂಡರೆ ಕಿವಿ ಹಿಡಿದು ಮನೆಗೆ ತಂದು ಬಿಡುತ್ತಿದ್ದರು. ಮದುವೆಯಾದ ಮೇಲೂ ಅಷ್ಟೇ. ಗಂಗಮ್ಮನ ಪೂಜೆಗೆ ನೀರಿನ ಹತ್ತಿರ ಹೋದರೆ ಅವ್ವ ನನ್ನ ಅಂಗಿಯ ತುದಿ ಹಿಡಿದುಕೊಂಡೇ ನಿಲ್ಲುತ್ತಿದ್ದಳು. ನೀರುಗಂಟಿ ಕೆಲಸ ಸಿಕ್ಕಾಗ ಬೇಡವೇ ಬೇಡ ಅಂದಳು. ಇದು ಪೈಪಿನ ನೀರು, ಕೆರೆ ನೀರಲ್ಲ ಅಂತ ಹೇಳಿ ಹೇಳಿ ಒಪ್ಪಿಸಬೇಕಾಯಿತು.

ನಿಜ ಹೇಳಬೇಕೆಂದರೆ ನಮ್ಮ ಕೆರೆಯಲ್ಲಿ ನೀರೇ ಇರಲಿಲ್ಲ, ಹಾಗಾಗಿ ಈ ಗಂಡಾಂತರದಿಂದ ನನಗೆ ತೊಂದರೆ ಆಗಿರಲಿಲ್ಲ. ಕೆರೆಯ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಅಲ್ಲಲ್ಲಿ ಜೆಸಿಬಿಯಲ್ಲಿ ಮಣ್ಣು ತೆಗೆದ ದೊಡ್ಡ ದೊಡ್ಡ ಗುಂಡಿಗಳಿದ್ದವು. ಆ ಜಾಲಿ, ಆ ಗುಂಡಿಗಳ ನಡುವೆ ಒಂದು ಗಾಡಿ ದಾರಿ. ಆ ದಾರಿ ಮುಗಿಯುವಲ್ಲಿ, ಗುಡ್ಡದ ಬುಡದ ದಿಣ್ಣೆಯ ಮೇಲೆ, ನಮ್ಮ ಬೋರ್‌ವೆಲ್ಲೂ ಮೋಟರ್ ಮನೆಯೂ ಇರುವುದು. ಕತ್ತಲಲ್ಲಿ ಬಿಟ್ಟರೂ ಎಡವದೆ ಹೋಗುವಷ್ಟು ಆ ದಾರಿ ನನ್ನ ಕಾಲಿಗೆ ಗೊತ್ತಿತ್ತು. ಮಳೆ ಬಂದು ಗುಂಡಿಯಲ್ಲಿ ನಾಲ್ಕು ಕೊಡ ನೀರು ನಿಂತರೂ ಸಾಕು, ನಾನು ಅದನ್ನು ಬಳಸಿಕೊಂಡು ಆಚೆಯಿಂದ ಹೋಗುತ್ತಿದ್ದೆ.

ಆ ವರ್ಷ ಮಳೆ ಬಿಡಲೇ ಇಲ್ಲ. ನಮ್ಮ ಕೆರೆ ಕೋಡಿ ಬಿತ್ತು. ಕೋಡಿಯ ಹತ್ತಿರ ಮರಿ ಕಡಿದರು, ಹೆಂಗಸರು ಬಾಗಿನ ಬಿಟ್ಟರು, ಮಧುಗಿರಿಯಿಂದೆಲ್ಲ ಜನ ಬೈಕಿನಲ್ಲಿ ಬಂದು ಸೆಲ್ಫಿ ತೆಗೆದುಕೊಂಡರು. ನಾನು ಏರಿಯ ಆಚೆ ಬದಿಯಲ್ಲಿ, ನೀರು ಕಾಣದ ಕಡೆ ನಿಂತಿದ್ದೆ. ಗಾಡಿ ದಾರಿ ಪೂರ್ತಿ ಮುಳುಗಿತ್ತು. ದಿಣ್ಣೆಯ ಮೂರು ಕಡೆ ಕೆರೆ ನೀರು, ಹಿಂದುಗಡೆ ಗುಡ್ಡದಿಂದ ಇಳಿಯುವ ಹಳ್ಳ ಯಾರನ್ನೂ ಹತ್ತಿರ ಸೇರಿಸದಂತೆ ಹರಿಯುತ್ತಿತ್ತು. ಹಾಗಿದ್ದರೂ ನನಗೆ ಚಿಂತೆ ಇರಲಿಲ್ಲ. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ಮನೆಯಲ್ಲೇ ಕುಳಿತು ಫೋನ್ ಮಾಡಿದರೆ ಮೋಟರ್ ಓಡುತ್ತಿತ್ತು.

ಒಂದು ಬೆಳಿಗ್ಗೆ ಫೋನ್ ಮಾಡಿದರೆ ಓಡಲಿಲ್ಲ. ಎಷ್ಟು ಸಲ ಮಾಡಿದರೂ ಓಡಲಿಲ್ಲ. ಟ್ಯಾಂಕ್ ಖಾಲಿಯಾಯಿತು, ನಲ್ಲಿ ಒಣಗಿತು. ಕೆರೆ ತುಂಬ ನೀರು ಇಟ್ಟುಕೊಂಡು ನಲ್ಲಿಯಲ್ಲಿ ಗಾಳಿ ಬಿಡ್ತಾನೆ ಅಂತ ಊರವರು ನನ್ನನ್ನು ಆಡಿಕೊಂಡರು. ಟ್ಯಾಂಕರ್ ತರಿಸೋಣವೆಂದರೆ ರಸ್ತೆಯ ಮೋರಿ ಕೊಚ್ಚಿಹೋಗಿತ್ತು. ಜನ ಕೆರೆಯ ಕೆಂಪು ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿಯತೊಡಗಿದರು. ಮಕ್ಕಳಿಗೆ ವಾಂತಿ ಶುರುವಾಯಿತು. ಪಂಚಾಯಿತಿಯವರು ಮಧುಗಿರಿಯಿಂದ ಮೆಕಾನಿಕ್‌ನನ್ನು ಕರೆಸಿದರು. ಅವನು ಬೈಕಿನಲ್ಲಿ ಹೇಗೋ ಬಂದ, ಏರಿಯ ಮೇಲೆ ನಿಂತು ನೀರು ನೋಡಿದ, ಟೀ ಕುಡಿದ, ವಾಪಸ್ ಹೋದ.

ಕೆರೆ ತುಂಬಿದ ಮೇಲೆ ಮೀನಿನ ಗುತ್ತಿಗೆ ಹಿಡಿದವರು ಬಲೆ ಹಾಕಲು ಒಬ್ಬನನ್ನು ಕರೆತಂದಿದ್ದರು. ಪಾವಗಡದ ಆಚೆ, ರಾಯಚರ್ಲು ಕಡೆಯವನು. ಮಾತಿನಲ್ಲಿ ಅರ್ಧ ತೆಲುಗು. ಗಂಡ ಹೆಂಡತಿ ಇಬ್ಬರೂ ಏರಿಯ ಮೇಲೆ ಟಾರ್ಪಾಲು ಕಟ್ಟಿಕೊಂಡು ಇದ್ದರು. ಅವನ ಹತ್ತಿರ ಒಂದು ತೆಪ್ಪ ಇತ್ತು. ದುಂಡಗೆ ದೊಡ್ಡ ಕುಕ್ಕೆಯ ಹಾಗೆ, ಬಿದಿರು ಹೆಣೆದು, ಗೊಬ್ಬರದ ಚೀಲ ಹೊದಿಸಿ, ಟಾರು ಬಳಿದದ್ದು. ನಮ್ಮನ್ನು ದಿಣ್ಣೆಗೆ ಮುಟ್ಟಿಸು ಅಂತ ಕೇಳಿದರೆ ಅವನು ಬಲಗೈ ತೋರಿಸಿದ. ಬಲೆ ಎಳೆಯುವಾಗ ಜಾಲಿ ಮುಳ್ಳು ಹೊಕ್ಕು ಅಂಗೈ ಬೋಂಡದಂತೆ ಊದಿತ್ತು. ಹುಟ್ಟು ಹಾಕುತ್ತಿದ್ದ ಹೆಂಡತಿ ತವರಿಗೆ ಹೋಗಿದ್ದಳು. ತೆಪ್ಪದಲ್ಲಿ ಇಬ್ಬರಿಗೆ ಮಾತ್ರ ಜಾಗ. ಬರುತ್ತೇನೆ, ಕುಳಿತು ಹೇಳಿಕೊಡುತ್ತೇನೆ, ಆದರೆ ಹುಟ್ಟು ಬೇರೆಯವರು ಹಾಕಬೇಕು ಅಂದ.

ಈಜು ಬರುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಒಬ್ಬ ಮುಂದೆ ಬಂದು, ನಾನು ಹೋಗುತ್ತೇನೆ, ನೀನು ಫೋನಿನಲ್ಲಿ ಹೇಳು, ಹೇಳಿದ ಹಾಗೆ ಮಾಡುತ್ತೇನೆ ಅಂದ. ಅದು ಮೂರು ಫೇಸಿನ ಕರೆಂಟು. ಒದ್ದೆ ಕೈಯಲ್ಲಿ ಗೊತ್ತಿಲ್ಲದವನು ಮೋಟರಿನ ಪ್ಯಾನಲ್ ಡಬ್ಬಿ ತೆಗೆದರೆ ಅಲ್ಲೇ ಹೋಗುತ್ತಾನೆ. ಅವನನ್ನು ಕಳಿಸಿ ನಾನು ಏರಿಯ ಮೇಲೆ ನಿಂತು ನೋಡುವುದು ಆಗುವ ಮಾತಲ್ಲ. ಆ ಪ್ಯಾನಲ್ ಬೋರ್ಡ್ ಗೊತ್ತಿದ್ದವನು ನಾನೊಬ್ಬನೇ. ಹಾಗಾಗಿ ಹುಟ್ಟು ಹಾಕುವವನೂ ನಾನೇ ಆಗಬೇಕಾಯಿತು.

ಅವ್ವ ಆಗಷ್ಟೇ ಮೋರಿಯ ಆಚೆ ಬಸ್ಸು ಹತ್ತಿ ಹೊಳವನಹಳ್ಳಿಯಿಂದ ತರಕಾರಿ ತರಲು ಹೊರಟಿದ್ದಳು. ಅವಳು ವಾಪಸ್ ಬರುವುದರೊಳಗೆ ಹೋಗಿ ಬಂದುಬಿಡೋಣ ಅಂತ ನನ್ನ ಲೆಕ್ಕ. ಹೆಂಡತಿಗೆ ಹೇಳಿದೆ. ಅವಳು ಚಿಕ್ಕದೊಂದು ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಫೋನು, ಟೆಸ್ಟರ್, ಸ್ಕ್ರೂ ಡ್ರೈವರ್ ಹಾಕಿ ಬಾಯಿಗೆ ಗಂಟು ಹಾಕಿ ಕೊಟ್ಟಳು. ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಆಮೇಲೆ ಹಲ್ಲಿನಲ್ಲಿ ಬಿಚ್ಚಬೇಕಾಯಿತು.

ತೆಪ್ಪದಲ್ಲಿ ಕಾಲಿಟ್ಟ ತಕ್ಷಣ ತಳ ಮೆತ್ತಗೆ ಒಳಕ್ಕೆ ಇಳಿದು ಮೇಲೆ ಬಂತು. ಜೀವ ಇರುವ ಯಾವುದರದೋ ಹೊಟ್ಟೆಯ ಮೇಲೆ ನಿಂತ ಹಾಗೆ. ನಾನು ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡೆ.

"ಅಂಚು ಇಡ್ಕಂಡ್ರೆ ಹುಟ್ಟು ಯಾರು ಹಾಕ್ತಾರಣ್ಣ, ನಿಮ್ಮ ಮಾವನಾ?" ಅಂದ ಮೀನಿನವನು.

ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ತೆಪ್ಪ ಬೀಸುವ ಕಲ್ಲಿನಂತೆ ಇದ್ದಲ್ಲೇ ಸುತ್ತುತ್ತದೆ. ಮುಂದಕ್ಕೆ ಚಾಚಿ ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಇದು ನನಗೆ ಅರ್ಥವಾಗುವಷ್ಟರಲ್ಲಿ ನಾವು ದಡದಿಂದ ಒಂದು ಕೂಗಳತೆಯೂ ಹೋಗದೆ ಎಲ್ಲ ದಿಕ್ಕನ್ನೂ ನೋಡಿಯಾಗಿತ್ತು. ಒಮ್ಮೆ ಸಿದ್ದರಬೆಟ್ಟ ಕಾಣುತ್ತಿತ್ತು, ಒಮ್ಮೆ ಏರಿ ಮೇಲೆ ನಗುತ್ತಿದ್ದ ಊರವರು ಕಾಣುತ್ತಿದ್ದರು. ಆಮೇಲೆ ಕೈ ಸ್ವಲ್ಪ ಕುದುರಿತು. ಕೆರೆಯ ದಡಕ್ಕೆ ಅಂಟಿಕೊಂಡು ಹೊರಟೆವು. ನನಗೆ ಧೈರ್ಯ ಬರಲಿ ಅಂತಲೋ ಏನೋ ಅವನು ತನ್ನೂರಿನ ಮಾತು ತೆಗೆದ. ಅವರ ಕಡೆ ಸೋಲಾರ್ ಪ್ಲೇಟು ಹಾಕಿದ ಮೇಲೆ ದೂರದಿಂದ ನೋಡಿದರೆ ದೊಡ್ಡ ಕೆರೆ ತುಂಬಿದಂತೆಯೇ ಹೊಳೆಯುತ್ತದಂತೆ. ಬಿಸಿಲಿಗೆ ಒಂದು ನೀರುಹಕ್ಕಿ ಮೋಸಹೋಗಿ ಅದರ ಮೇಲೆ ಇಳಿದು ಪಿಳಿಪಿಳಿ ನೋಡುತ್ತಿತ್ತು ಅಂದ. ನನಗೆ ನಗು ಬರಲಿಲ್ಲ. ಆ ಹಕ್ಕಿಗಾದರೂ ಕಾಲಿಗೆ ಗಟ್ಟಿ ನೆಲ ಸಿಕ್ಕಿತಲ್ಲ ಅನಿಸಿತು.

ನಾನು ಆಗ ಮಾಡುತ್ತಿದ್ದದ್ದನ್ನು ಈಗ ಹೇಳಲು ನಾಚಿಕೆ. ನಾನು ಗಾಡಿ ದಾರಿಯಲ್ಲೇ ಹೋಗುತ್ತಿದ್ದೆ. ದಾರಿ ನೀರಿನ ಕೆಳಗೆ ಇತ್ತು, ಕಾಣುತ್ತಿರಲಿಲ್ಲ. ಆದರೆ ದಡದ ಬೇವಿನ ಮರ, ಕರೆಂಟ್ ಕಂಬ ನೋಡಿ ದಾರಿ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಅದರ ಮೇಲೇ ತೆಪ್ಪ ಬಿಡುತ್ತಿದ್ದೆ. ದಾರಿ ಎಡಕ್ಕೆ ತಿರುಗುವಲ್ಲಿ ಎಡಕ್ಕೆ ತಿರುಗಿದೆ. ಮೊದಲನೇ ಗುಂಡಿ ಇರುವ ಜಾಗ ಬಂದಾಗ, ದಿನವೂ ಮಾಡುವಂತೆ, ಅದನ್ನು ಬಳಸಿಕೊಂಡು ಹೋದೆ. ದಾರಿಯ ಮೇಲೆ ಇದ್ದರೆ ಕೆಳಗೆ ನೆಲ ಹತ್ತಿರ ಇರುತ್ತದೆ, ಬಿದ್ದರೂ ಕಾಲಿಗೆ ಸಿಗುತ್ತದೆ ಅನ್ನುವ ಧೈರ್ಯ.

ಎದುರಿಗೆ ಬಯಲು ನೀರು ಬಿಟ್ಟು ಯಾಕೆ ಹಾವಿನಂತೆ ಹೋಗುತ್ತೀಯ ಅಂತ ಮೀನಿನವನು ಕೇಳಿದ. ಅಲ್ಲಿ ಗುಂಡಿ ಇದೆ, ಆಳ ಅಂದೆ. ಅವನು ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತೆಪ್ಪದ ತಳದಲ್ಲಿ ಪರ್ ಅಂತ ಸದ್ದಾಯಿತು.

ದಾರಿಯ ಎರಡೂ ಬದಿ ಜಾಲಿ ಬೆಳೆದಿತ್ತು ಅಂದೆನಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ. ನೀರಿನ ಒಂದು ಗೇಣು ಕೆಳಗೆ ತಲೆ ಮರೆಸಿಕೊಂಡು ನಿಂತಿತ್ತು. ಕೊಂಬೆ ತಳಕ್ಕೆ ಸಿಕ್ಕಿಕೊಂಡಿತು. ಗಾಬರಿಯಲ್ಲಿ ನಾನು ಪಕ್ಕಕ್ಕೆ ಹುಟ್ಟು ಹಾಕಿದೆ. ತೆಪ್ಪ ಸಿಕ್ಕಿಕೊಂಡ ಜಾಗದ ಮೇಲೇ ಗಿರಗಿರ ಸುತ್ತಿತು. ಮುಳ್ಳು ಚೀಲ ಹರಿಯುತ್ತಾ ಬರುವುದು ಪಾದಕ್ಕೆ ತಿಳಿಯುತ್ತಿತ್ತು. ನನ್ನ ಹಿಮ್ಮಡಿಯ ಹತ್ತಿರ ತಣ್ಣಗೆ ನೀರು ಬಂತು. ಆಗ ನನಗೆ ದೇವರು ನೆನಪಾಗಲಿಲ್ಲ, ಮಗಳೂ ನೆನಪಾಗಲಿಲ್ಲ. ಆ ಕಣಿ ಹೇಳುವ ಹೆಂಗಸು ನೆನಪಾದಳು. ನಾನು ಅವಳ ಮುಖ ನೋಡಿದ ನೆನಪೇ ಇಲ್ಲ, ಆದರೂ ಆಗ ಮುಖ ಕಂಡಿತು. ನಾನು ಎದ್ದು ನಿಲ್ಲಲು ಹೋದೆ.

"ಕೂಕೋ," ಅಂದ ಮೀನಿನವನು. ಜೋರು ಮಾಡಲಿಲ್ಲ. "ನಿಂತ್ರೆ ಇಬ್ರೂ ಮುಳ್ಳಿನ ಮ್ಯಾಲೆ. ಕೂಕಂಡ್ರೆ ಏನೂ ಆಗಲ್ಲ. ಪರ್ವಾಲೇದು, ಕೂಕೋ."

ಕುಳಿತೆ. ಅವನು ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು ತೂತಿಗೆ ತುರುಕಿ, ಅದರ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿ ಕುಳಿತ. ಎಡಗೈಯನ್ನು ನೀರಿಗೆ ಇಳಿಬಿಟ್ಟು ಕೊಂಬೆ ತಡಕಿ ಮುರಿದ. ತೆಪ್ಪ ಬಿಡಿಸಿಕೊಂಡಿತು.

"ನೋಡಣ್ಣ," ಅಂದ. "ನಾನು ಈ ಕೆರೆಗೆ ಹೊಸಬ. ಜಾಲಿ ಎಲ್ಲೈತೆ, ಎಲ್ಲಿಲ್ಲ, ನಂಗೆ ತಿಳೀದು. ಗುಂಡಿಯಾಗೆ ಜಾಲಿ ಬೆಳೀತದಾ?"

ಗುಂಡಿಯಲ್ಲಿ ಜಾಲಿ ಇಲ್ಲ. ಜೆಸಿಬಿಯವರು ಬೇರು ಸಮೇತ ಕಿತ್ತು ಮಣ್ಣು ಹೊತ್ತಿದ್ದರು. ಇಲ್ಲ ಅಂದೆ.

"ಅಂಗಾದ್ರೆ ಗುಂಡಿ ಮ್ಯಾಲೇ ಹೋಗು. ತೆಪ್ಪಕ್ಕೆ ಆಳ ಏನ್ ಮಾಡ್ತದೆ? ಗುಂಡಿ ಎಲ್ಲೆಲ್ಲಿ ಅವೆ ನೀನೇ ಹೇಳು."

ಅದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಊರಿನಲ್ಲಿ ಯಾರೂ ಇರಲಿಲ್ಲ. ವರ್ಷಗಟ್ಟಲೆ ಹೆದರಿಕೊಂಡು ಬಳಸಿ ನಡೆದವನಿಗೆ ಒಂದೊಂದು ಗುಂಡಿಯ ಅಂಚೂ ಬಾಯಿಪಾಠ. ಬೇವಿನ ಮರದ ನೇರಕ್ಕೆ ಒಂದು, ಅದರ ಆಚೆ ಇಟ್ಟಿಗೆಯವರು ತೆಗೆದ ಉದ್ದನೆಯದು, ಅದಕ್ಕೆ ಸೇರಿದಂತೆ ಇನ್ನೊಂದು, ಕೊನೆಗೆ ದಿಣ್ಣೆಯ ಬುಡದಲ್ಲಿ ಎಲ್ಲಕ್ಕಿಂತ ಆಳದ್ದು. ಅದರಲ್ಲಿ ಒಮ್ಮೆ ಲಾರಿಯೇ ಇಳಿದು ಮಣ್ಣು ತುಂಬುತ್ತಿತ್ತು, ಮೇಲಿನಿಂದ ನೋಡಿದರೆ ಡ್ರೈವರ್‌ನ ಕ್ಯಾಬಿನ್ ಕೆಳಗೆ ಕಾಣುತ್ತಿತ್ತು. ಈಗ ಅದೆಲ್ಲ ನೀರು. ನಾನು ದಾರಿ ಬಿಟ್ಟು ಬಯಲು ನೀರಿಗೆ ತಿರುಗಿಸಿದೆ. ಬಣ್ಣ ಬದಲಾಯಿತು, ಕೆಂಪು ಹೋಗಿ ಕಪ್ಪು. ನಾನು ಕೆಳಗೆ ನೋಡದೆ ಹುಟ್ಟು ಹಾಕಿದೆ. ಆದರೆ ತೆಪ್ಪ ಮಾತ್ರ ಎಣ್ಣೆಯ ಮೇಲೆ ಹೋದಂತೆ ಹೋಯಿತು. ಎಲ್ಲೂ ತಗುಲಲಿಲ್ಲ. ಒಂದು ಗುಂಡಿ ದಾಟಿ ಇನ್ನೊಂದಕ್ಕೆ ಹೋಗುವಾಗ ನಾನೇ, ಇಲ್ಲಿ ಸ್ವಲ್ಪ ಜಾಲಿ ಇದೆ, ಬಲಕ್ಕೆ ಅನ್ನುತ್ತಿದ್ದೆ. ಮೀನಿನವನು ನನ್ನ ಟವೆಲ್ ಮೇಲೆ ಕುಳಿತೇ ಹೂಂ ಅನ್ನುತ್ತಿದ್ದ. ದೊಡ್ಡ ಗುಂಡಿಯ ಮೇಲೆ ಬಂದಾಗ ಲಾರಿಯ ವಿಷಯ ಅವನಿಗೆ ಹೇಳಿದೆ. ಅವನು ಬಗ್ಗಿ ನೋಡಿ, ಇಲ್ಲಿ ಒಳ್ಳೆ ಕಾಟ್ಲಾ ಮೀನು ಕೂತಿರುತ್ತದೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದ. ಆಗ ನನಗೆ ನಗು ಬಂತು.

ದಿಣ್ಣೆಗೆ ಮುಟ್ಟಿ ಕಾಲಿಗೆ ನೆಲ ಸಿಕ್ಕಾಗ ನಾನು ಸ್ವಲ್ಪ ಹೊತ್ತು ಬರೀ ಓಡಾಡಿದೆ. ಆಮೇಲೆ ಮೇನ್ ಆಫ್ ಮಾಡಿ ಪ್ಯಾನಲ್ ಡಬ್ಬಿ ತೆಗೆದೆ. ಮೋಟರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರ್ ಸಂದಿಯಲ್ಲಿ ಒಂದು ಹಲ್ಲಿ ಸುಟ್ಟು ಒಣಗಿ ಕುಳಿತಿತ್ತು. ಇಡೀ ಊರಿನ ನೀರು ನಿಲ್ಲಿಸಿದ್ದು ಅದೇ. ಅದನ್ನು ತೆಗೆದು, ಉಜ್ಜಿ ಒರೆಸಿ, ರಿಲೇ ಬಟನ್ ಒತ್ತಿ, ಮೇನ್ ಹಾಕಿ ಸ್ಟಾರ್ಟ್ ಮಾಡಿದೆ. ಭೂಮಿಯ ಒಳಗಿನಿಂದ ಗುಂಯ್ ಅಂತು. ಪೈಪ್ ನಡುಗಿ ತಣ್ಣಗಾಯಿತು. ನಾನು ಪೈಪನ್ನು ತಬ್ಬಿಕೊಂಡಂತೆ ಹಿಡಿದು ನಿಂತೆ.

ಹೆಂಡತಿಗೆ ಫೋನ್ ಮಾಡಿದೆ. ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳುತ್ತಿದೆ ಅಂತ ಅವಳು ಹೇಳಿದಳು. ಆಮೇಲೆ, ಅತ್ತೆ ಏರಿ ಮೇಲೆ ಇದ್ದಾರೆ, ಬೇಗ ಬನ್ನಿ ಅಂದಳು.

ಬಸ್ಸು ಬಂದೇ ಇರಲಿಲ್ಲ. ಅವ್ವ ಸ್ಟಾಪಿನಲ್ಲಿ ಕಾದು ವಾಪಸ್ ಬರುವಾಗ ಏರಿಯ ಮೇಲೆ ಜನ ಕಂಡು ಬಂದಿದ್ದಾಳೆ. ತೆಪ್ಪ ಮುಳ್ಳಿಗೆ ಸಿಕ್ಕಿ ಸುತ್ತುವಾಗ ಅವಳು ಅಲ್ಲೇ ನಿಂತಿದ್ದಳಂತೆ. ನಲ್ಲಿಯಲ್ಲಿ ನೀರು ಬಂತು ಅಂತ ಎಲ್ಲರೂ ಕೊಡ ತರಲು ಓಡಿದರೂ ಅವಳು ಜಾಗ ಬಿಟ್ಟು ಕದಲಲಿಲ್ಲವಂತೆ.

ವಾಪಸ್ ಬರುವಾಗ ನಾನು ಎಲ್ಲೂ ಬಳಸಲಿಲ್ಲ. ಗುಂಡಿಯಿಂದ ಗುಂಡಿಗೆ ನೇರ ಬಂದೆ. ದಡ ಮುಟ್ಟಿದಾಗ ಅವ್ವ ಏರಿಯ ಕಲ್ಲಿನ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ. ನಾನು ಹತ್ತಿರ ಹೋದೆ. ಅವ್ವ ನನ್ನ ಪ್ಯಾಂಟು ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಮೊಣಕಾಲಿನವರೆಗೆ ಮಾತ್ರ ಒದ್ದೆ. ಬೈಗುಳ ಬರುತ್ತದೆ ಅಂತ ನಾನು ತಲೆ ತಗ್ಗಿಸಿಕೊಂಡು ನಿಂತೆ.

"ಲೇ, ಒಂದು ಮಾತು ಹೇಳ್ತೀನಿ, ಕ್ವಾಪ ಮಾಡ್ಕಬ್ಯಾಡ," ಅಂದಳು. "ಆ ಕಣಿ ಹೇಳೋಳು ನೀರಿನ ಗಂಡಾಂತ್ರ ಅಂತ ಹೇಳ್ಲೇ ಇಲ್ಲ ಕಣ್ಲಾ. ನಾನೇ ಹೇಳಿದ್ದು."

ಅವ್ವ ಕೆರೆ ನೋಡಿಕೊಂಡೇ ಹೇಳಿದಳು. ಅಪ್ಪ ಹೋದ ಮೇಲೆ ಅವಳು ಕಲ್ಲು ಕ್ವಾರಿಗೆ ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಹೋದರೆ ಬೈಗಿಗೆ ಬರುವುದು. ನಾನು ಒಂದು ಕಡೆ ನಿಲ್ಲುವ ಮಗು ಅಲ್ಲ. ಆಗ ಹೊಲಕ್ಕೊಂದು ತೆರೆದ ಬಾವಿ. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ.

"ಬಡವಿ ಮಗನ್ನ ನೋಡ್ಕಳ್ರಪ್ಪ ಅಂದ್ರೆ ಯಾರ್ ನೋಡ್ಕತ್ತಾರೆ? ಗಂಡಾಂತ್ರ ಐತೆ ಅಂದ್ರೆ ಊರೇ ಕಾಯ್ತದೆ. ಅಂಗೇ ಕಾಯ್ತು," ಅಂದಳು.

"ಆಮ್ಯಾಕಾದ್ರೂ ಹೇಳ್ಬೋದಿತ್ತಲ್ಲವ್ವ?"

"ಹೇಳಿ ಹೇಳಿ ನಂಗೇ ನಿಜ ಆಗೋಯ್ತು ಕಣ್ಲಾ. ಇವತ್ತು ಆ ತೆಪ್ಪ ಗಿರ್ರಂತ ತಿರುಗ್ತಲ್ಲ, ನಾನು ಆಡಿದ್ ಮಾತೇ ನನ್ನ ಮಗನ್ನ ನುಂಗ್ತಾ ಐತೆ ಅನ್ಕಂಡೆ."

ಆಗ ಅವಳಿಗೆ ಅಳು ಬಂತು. ನನಗೂ ಬಂತು. ಕೋಪ ಬರಲಿಲ್ಲ. ಹುಣಸೆ ಮರದ ಕೆಳಗೆ ಕುಳಿತ ಆ ಮಧ್ಯಾಹ್ನಗಳು ನೆನಪಾದವು. ಆದರೆ ನನ್ನ ಹತ್ತಿರ ಬಟ್ಟೆ ಬಿಚ್ಚಿಟ್ಟು ಬಾವಿಗೆ ಇಳಿದ ಒಬ್ಬ ಹುಡುಗನ ಬಟ್ಟೆಯನ್ನು ಸಂಜೆ ಯಾರೂ ತೆಗೆದುಕೊಂಡಿರಲಿಲ್ಲ ಅನ್ನುವುದೂ ನೆನಪಾಯಿತು. ನಾನು ಅವ್ವನ ಕಾಲ ಬಳಿ ಕಲ್ಲಿನ ಮೇಲೆ ಕುಳಿತೆ. ತಲೆಯ ಮೇಲೆ ಇಷ್ಟು ವರ್ಷ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿ ಇಳಿಸಿದಂತೆ ಕತ್ತು ಹಗುರವಾಗಿತ್ತು.

ನನ್ನ ಹೆಂಡತಿ ಇದನ್ನೆಲ್ಲ ಕೇಳಿ, "ಅಂಗಾದ್ರೆ ಅವಳು ನಿಜವಾಗ್ಲೂ ಏನಂದ್ಲತ್ತೆ?" ಅಂದಳು.

ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸ್ವಲ್ಪ ಹಿಂದೆ ಮುಂದೆ ನೋಡಿದಳು. "ಅದೇನ್ ಬುಡು. ಎರಡು ಮದ್ವೆ ಯೋಗ ಐತೆ ಅಂದ್ಲು. ಒಂದ್ ಸೇರು ಕಡ್ಲೆಕಾಯಿ ಇಸ್ಕಂಡು ಹೋದ್ಲು."

"ಎರಡ್ನೇ ದಿಬ್ಬಣ ಇದೇ ತೆಪ್ಪದಾಗೆ ಹೋಗ್ಲಿ ಬುಡತ್ತೆ," ಅಂದಳು ನನ್ನ ಹೆಂಡತಿ. "ಆ ಟವೆಲ್ ನಾನೇ ಕೀಳ್ತೀನಿ."

ತೆಪ್ಪ ಮಗುಚಿ ತಳ ನೋಡುತ್ತಿದ್ದ ಮೀನಿನವನು ಅಲ್ಲಿಂದಲೇ ನಕ್ಕ.

ಈಗ ಕೆರೆಯಲ್ಲಿ ನೀರು ಅರ್ಧಕ್ಕೆ ಇಳಿದಿದೆ. ಗಾಡಿ ದಾರಿ ಮತ್ತೆ ಎದ್ದಿದೆ. ಈ ವಯಸ್ಸಿನಲ್ಲಿ ಸೋರೆ ಬುರುಡೆ ಎಲ್ಲಿ ಹುಡುಕುವುದು, ಖಾಲಿ ಎಣ್ಣೆ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಏರಿಯ ಪಕ್ಕ ಈಜು ಕಲಿಯುತ್ತಿದ್ದೇನೆ. ಮಗಳು ನನಗಿಂತ ಬೇಗ ಕಲಿತಳು. ಅವ್ವ ದಡದಲ್ಲಿ ಕುಳಿತು, ಕಾಲು ಬಡಿಯೋ, ಕಾಲು ಬಡಿಯೋ ಅನ್ನುತ್ತಾಳೆ. ಅವಳಿಗೂ ಈಜು ಬರುವುದಿಲ್ಲ.

ನಿಮ್ಮ ಮನೆಯಲ್ಲೂ ದೊಡ್ಡವರು ಹೀಗೆ ಏನಾದರೂ ಹೇಳಿ ನಿಮ್ಮನ್ನು ನೀರಿನಿಂದಲೋ ಮರದಿಂದಲೋ ದೂರ ಇಟ್ಟಿದ್ದರೆ, ಅಥವಾ ನೀವೂ ಮೊದಲ ಸಲ ತೆಪ್ಪವೋ ದೋಣಿಯೋ ಹತ್ತಿ ನನ್ನ ಹಾಗೆ ನೆಲದ ದಾರಿಯನ್ನು ನೀರಿನ ಮೇಲೆ ಹುಡುಕಿದ್ದರೆ, ದಯವಿಟ್ಟು ಬರೆದು ತಿಳಿಸಿ. ಉದ್ದ ಇದ್ದರೂ ಪರವಾಗಿಲ್ಲ. ನಾನು ಓದುವುದೂ ನಿಧಾನ, ಆದರೆ ಪೂರ್ತಿ ಓದುತ್ತೇನೆ.